ಹತ್ತಿರದ ಅಂಧರ ಸಂಸ್ಥೆಗೆ ನೆರವಾಗುವುದು ಹೇಗೆ? ಗಡಿನಾಡ ಸದಸ್ಯರಿಗೊಂದು ಕೈಪಿಡಿ

ಮಗುವಿನ ಹುಟ್ಟುಹಬ್ಬ, ಹಿರಿಯರ ಪುಣ್ಯತಿಥಿ, ಮದುವೆಯ ವಾರ್ಷಿಕೋತ್ಸವ ಬಂದಾಗ ಹತ್ತಿರದ ಅಂಧರ ಶಾಲೆಗೋ ವಸತಿನಿಲಯಕ್ಕೋ ಒಂದು ಹೊತ್ತಿನ ಊಟ ಕೊಡುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಒಳ್ಳೆಯ ರೂಢಿ, ಮುಂದುವರಿಯಲಿ. ಆದರೆ ಊಟವನ್ನೂ ಹಣವನ್ನೂ ಊರಿನ ಯಾರು ಬೇಕಾದರೂ ಕೊಡಬಹುದು. ಕರ್ನಾಟಕದ ಹೊರಗಿನ ಊರುಗಳಲ್ಲಿರುವ ದೃಷ್ಟಿಹೀನ ಕನ್ನಡಿಗರಿಗೆ ಇನ್ನೊಂದು ಕೊರತೆ ಇದೆ. ಕನ್ನಡ ಪಠ್ಯವನ್ನು ಓದಿ ಹೇಳುವವರು ಬೇಕು, ಕನ್ನಡದಲ್ಲಿ ಪರೀಕ್ಷೆ ಬರೆದುಕೊಡುವವರು ಬೇಕು, ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಆಯಾ ರಾಜ್ಯದ ಭಾಷೆಯ ಅರ್ಜಿ ತುಂಬಿಕೊಡುವವರು ಬೇಕು. ಈ ಕೆಲಸಕ್ಕೆ ಆ ಊರಿನಲ್ಲಿ ಸಿಗುವವರು ನಾವೇ.

ಕಾಸರಗೋಡಿನಿಂದ ಜತ್ತದವರೆಗೆ, ತಾಳವಾಡಿಯಿಂದ ಆದವಾನಿಯವರೆಗೆ ಇರುವ ಸದಸ್ಯರಿಗೆ ಉಪಯೋಗವಾಗಲೆಂದು ಈ ಕೈಪಿಡಿ. ಎಲ್ಲವನ್ನೂ ಒಬ್ಬರೇ ಮಾಡಬೇಕಾಗಿಲ್ಲ. ತಮ್ಮ ಸಮಯಕ್ಕೂ ಅನುಕೂಲಕ್ಕೂ ಹೊಂದುವ ಒಂದನ್ನು ಆರಿಸಿಕೊಂಡು ವರ್ಷವಿಡೀ ನಡೆಸಿದರೆ ಸಾಕು.

ಯಾರು ಅಂಧರು, ಯಾರು ಮಂದದೃಷ್ಟಿಯವರು?

2011ರ ಜನಗಣತಿಯಲ್ಲಿ ದೇಶದಲ್ಲಿ ದೃಷ್ಟಿಯ ತೊಂದರೆ ಇರುವವರೆಂದು ದಾಖಲಾದವರು ಸುಮಾರು 50 ಲಕ್ಷ. ಇವರೆಲ್ಲರಿಗೂ ಪೂರ್ತಿ ಕತ್ತಲೆಯೆಂದಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ, ಕನ್ನಡಕ ಹಾಕಿಕೊಂಡ ಮೇಲೂ ಹೆಚ್ಚು ಚೆನ್ನಾಗಿರುವ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೆ ಅಂಧತ್ವ. ಅಂದರೆ ಬೇರೆಯವರು 60 ಮೀಟರ್ ದೂರದಿಂದ ಗುರುತಿಸುವುದನ್ನು ಇವರು 3 ಮೀಟರ್ ಹತ್ತಿರ ಬಂದರೂ ಗುರುತಿಸಲಾರರು. ದೃಷ್ಟಿ 6/18ರಿಂದ 3/60ರ ನಡುವೆ ಇದ್ದರೆ ಮಂದದೃಷ್ಟಿ. ನೋಟದ ಹರವು ತೀರಾ ಕಿರಿದಾಗಿದ್ದರೂ ಈ ಎರಡು ವರ್ಗಗಳಲ್ಲಿ ಸೇರಿಸುತ್ತಾರೆ: 10 ಡಿಗ್ರಿಗಿಂತ ಕಡಿಮೆಯಿದ್ದರೆ ಅಂಧತ್ವ, 10ರಿಂದ 40 ಡಿಗ್ರಿಯೊಳಗಿದ್ದರೆ ಮಂದದೃಷ್ಟಿ.

ಆದ್ದರಿಂದ ಬಿಳಿ ಕೋಲು ಹಿಡಿದವರು ಮೊಬೈಲಿನ ದೊಡ್ಡ ಅಕ್ಷರ ಓದುವುದನ್ನು ಕಂಡು ನಟನೆಯೆಂದು ಭಾವಿಸಬಾರದು. ಎದುರಿಗಿನ ಮುಖ ಕಂಡೂ ಕಾಲ ಬಳಿಯ ಮೆಟ್ಟಿಲು ಕಾಣದಿರುವುದು ಸಾಧ್ಯ. ಮಂದದೃಷ್ಟಿಯವರ ಅಗತ್ಯಗಳೂ ಬೇರೆ: ದೊಡ್ಡ ಅಕ್ಷರದ ಪುಸ್ತಕ, ಭೂತಗನ್ನಡಿ, ಒಳ್ಳೆಯ ಬೆಳಕು, ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ. ಸಂಸ್ಥೆಗೆ ಹೋದಾಗ ಇವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೊದಲು ಹೋಗಿ ಕೇಳಿ

ಏನನ್ನಾದರೂ ಕೊಳ್ಳುವ ಮೊದಲು ಒಮ್ಮೆ ಬರಿಗೈಲಿ ಹೋಗಿ ಬನ್ನಿ. ಮುಖ್ಯೋಪಾಧ್ಯಾಯರನ್ನೋ ವಾರ್ಡನ್ನರನ್ನೋ ಭೇಟಿಯಾಗಿ ಈ ಪ್ರಶ್ನೆಗಳನ್ನು ಕೇಳಿ:

1. ಕನ್ನಡ ಮನೆಮಾತಿನ ಎಷ್ಟು ಮಂದಿ ಇದ್ದಾರೆ? ಅವರಿಗೆ ಕನ್ನಡ ಬ್ರೈಲ್ ಓದಲು ಬರುತ್ತದೆಯೇ?
2. ಯಾವ ತಿಂಗಳಲ್ಲಿ ದಾನಿಗಳು ಕಡಿಮೆ?
3. ಯಾವ ಖರ್ಚಿಗೆ ದಾನಿಗಳೇ ಸಿಗುವುದಿಲ್ಲ?
4. ಓದಿ ಹೇಳಲು, ಪರೀಕ್ಷೆ ಬರೆಯಲು ಯಾವ ತರಗತಿಗೆ ಜನ ಬೇಕು?
5. ಕೆಟ್ಟು ಮೂಲೆ ಸೇರಿರುವ ಯಂತ್ರ ಏನಾದರೂ ಇದೆಯೇ?

ಸಾಧ್ಯವಾದರೆ ಅಲ್ಲಿರುವ ದೃಷ್ಟಿಹೀನರನ್ನೇ ಕೇಳಿ. ಆಡಳಿತ ಮಂಡಳಿ ‘ಕಂಪ್ಯೂಟರ್ ಬೇಕು’ ಎನ್ನುವಾಗ ಹತ್ತನೇ ತರಗತಿಯ ಹುಡುಗಿ ‘ಇರುವ ಕಂಪ್ಯೂಟರಿಗೆ ಒಂದು ಹೆಡ್‌ಫೋನ್ ಸಾಕು’ ಎನ್ನಬಹುದು.

ಹಣ ಮತ್ತು ವಸ್ತು

ಊಟದ ದೇಣಿಗೆ ಸ್ವಾತಂತ್ರ್ಯ ದಿನ, ದೀಪಾವಳಿ, ಹೊಸ ವರ್ಷದ ದಿನಗಳಲ್ಲಿ ಒಟ್ಟೊಟ್ಟಿಗೆ ಬರುತ್ತದೆ. ಒಂದೇ ದಿನ ಮೂರು ಕಡೆಯಿಂದ ಸಿಹಿ ಬಂದರೆ ಕೆಡುತ್ತದೆ. ಶಾಲೆ ತೆರೆಯುವ ಜೂನ್, ಮಳೆ ಹಿಡಿದ ಜುಲೈ ಯಾರಿಗೂ ನೆನಪಾಗುವುದಿಲ್ಲ. ದಿನಾಂಕವನ್ನು ಸಂಸ್ಥೆಯೇ ಹೇಳಲಿ. ಅಥವಾ ಊಟದ ಮೊತ್ತವನ್ನೇ ವಿದ್ಯುತ್ ಬಿಲ್, ಅಡುಗೆಯವರ ಸಂಬಳ, ರಜೆಗೆ ಊರಿಗೆ ಹೋಗುವ ಮಕ್ಕಳ ಬಸ್ ಖರ್ಚಿಗೆ ಬಳಸಿಕೊಳ್ಳಿ ಎಂದು ಕೊಡಬಹುದು. ತಿಂಗಳಿಗೆ 200 ರೂಪಾಯಿಯಂತೆ ತಪ್ಪದೆ ಬರುವ ಹಣ ವರ್ಷಕ್ಕೊಮ್ಮೆ ಬರುವ ದೊಡ್ಡ ಮೊತ್ತಕ್ಕಿಂತ ಹೆಚ್ಚು ಅನುಕೂಲ. ಅದನ್ನು ನಂಬಿ ಸಂಸ್ಥೆ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು.

ದೊಡ್ಡ ಮೊತ್ತ ಕೊಡುವ ಮೊದಲು ನೋಂದಣಿ ಪತ್ರ, ಹಿಂದಿನ ವರ್ಷದ ಲೆಕ್ಕಪರಿಶೋಧನಾ ವರದಿ, ತೆರಿಗೆ ವಿನಾಯಿತಿಯ 80ಜಿ ಅನುಮತಿ ಇವನ್ನು ಕೇಳಿ ನೋಡಿ. ಕೇಳುವುದು ಅವಮಾನವಲ್ಲ, ನೆಟ್ಟಗೆ ನಡೆಯುವ ಸಂಸ್ಥೆ ಸಂತೋಷದಿಂದ ತೋರಿಸುತ್ತದೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ 80ಜಿ ವಿನಾಯಿತಿ ಸಿಗುವುದಿಲ್ಲ, ಆದ್ದರಿಂದ ಬ್ಯಾಂಕಿನ ಮೂಲಕ ಕೊಡಿ. ವಿದೇಶದಲ್ಲಿರುವ ನೆಂಟರು ವಿದೇಶಿ ಹಣ ಕಳಿಸುವುದಾದರೆ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇದೆಯೇ ಎಂದು ವಿಚಾರಿಸಲಿ. ರಸ್ತೆಯಲ್ಲಿ ಡಬ್ಬಿ ಹಿಡಿದು ಅಂಧರ ಹೆಸರಿನಲ್ಲಿ ಹಣ ಎತ್ತುವವರಿಗೆ ಕೊಡುವ ಬದಲು ಸಂಸ್ಥೆಗೇ ಹೋಗಿ ರಸೀದಿ ಪಡೆಯುವುದು ಒಳ್ಳೆಯದು.

ವಸ್ತುಗಳಲ್ಲಿ ಸದಾ ಬೇಕಾಗುವುದು ಬ್ರೈಲ್ ಕಾಗದ. ಸಾಮಾನ್ಯ ನೋಟ್‌ಬುಕ್ಕಿನ ಹಾಳೆಯ ಮೇಲೆ ಚುಕ್ಕಿ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ದಪ್ಪ ಹಾಳೆ ಬೇಕು, ಒಮ್ಮೆ ಬರೆದದ್ದನ್ನು ಅಳಿಸಿ ಮತ್ತೆ ಬರೆಯುವಂತಿಲ್ಲ. ಹಳೆಯ ಗೋಡೆ ಕ್ಯಾಲೆಂಡರಿನ ದಪ್ಪ ಹಾಳೆಗಳನ್ನು ಮಕ್ಕಳು ಅಭ್ಯಾಸಕ್ಕೆ ಬಳಸುತ್ತಾರೆ. ಪ್ರತಿ ಜನವರಿಯಲ್ಲಿ ನಮ್ಮ ಮನೆ, ಅಂಗಡಿ, ಬ್ಯಾಂಕುಗಳಲ್ಲಿ ಗೋಡೆಯಿಂದ ಇಳಿಯುವ ಕ್ಯಾಲೆಂಡರುಗಳನ್ನು ಕೂಡಿಸಿ ಕೊಡುವುದು ಖರ್ಚಿಲ್ಲದ ಕೆಲಸ. ಹಾಳೆಯ ಅಳತೆ, ದಪ್ಪ ಆಗುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಬ್ರೈಲ್ ಸ್ಲೇಟು, ಚುಚ್ಚುವ ಮೊಳೆ, ಮಡಚುವ ಬಿಳಿ ಕೋಲು, ಅದರ ತುದಿಗೆ ಹಾಕುವ ಬಿಡಿ ತುದಿಗಳು ಇವೂ ಬೇಗ ಸವೆಯುವ ವಸ್ತುಗಳು. ಹರಿದ ಬಟ್ಟೆ, ಕೆಟ್ಟ ಮೊಬೈಲು ಬೇಡ.

ಒಂದೇ ಚುಕ್ಕಿ, ಐದು ಭಾಷೆ

ಇನ್ನು ಗಡಿನಾಡಿನವರಾದ ನಮಗೇ ವಿಶೇಷವಾಗಿ ಸಂಬಂಧಿಸಿದ ವಿಷಯ.

ಫ್ರಾನ್ಸಿನ ಲೂಯಿ ಬ್ರೈಲ್ (1809–1852) ರೂಪಿಸಿದ ಲಿಪಿಯಲ್ಲಿ ಒಂದು ಕೋಶಕ್ಕೆ ಆರು ಚುಕ್ಕಿ, ಎಡಕ್ಕೆ ಮೂರು, ಬಲಕ್ಕೆ ಮೂರು. ಭಾರತದ ಭಾಷೆಗಳಿಗೆ ಮೊದಲು ಬೇರೆ ಬೇರೆ ಬ್ರೈಲ್ ಪದ್ಧತಿಗಳಿದ್ದವು. 1951ರಲ್ಲಿ ಎಲ್ಲಕ್ಕೂ ಒಂದೇ ಎನ್ನುವ ಭಾರತಿ ಬ್ರೈಲ್ ಒಪ್ಪಿತವಾಯಿತು. ಇದರ ಸೂತ್ರ ಸರಳ: ಉಚ್ಚಾರ ಒಂದೇ ಆದರೆ ಚುಕ್ಕಿಯೂ ಒಂದೇ. ಎಡ ಸಾಲಿನ ಮೇಲಿನ ಮತ್ತು ಕೆಳಗಿನ ಚುಕ್ಕಿ ಎದ್ದಿದ್ದರೆ ಅದು ‘ಕ’. ಕನ್ನಡದಲ್ಲೂ ಮಲಯಾಳದಲ್ಲೂ ತಮಿಳಿನಲ್ಲೂ ತೆಲುಗಿನಲ್ಲೂ ಮರಾಠಿಯಲ್ಲೂ ಅದು ‘ಕ’ವೇ. ನಮ್ಮ ‘ಳ’ವೂ ಹಾಗೆಯೇ, ಐದು ಭಾಷೆಗೂ ಒಂದೇ ಕೋಶ. ಒತ್ತಕ್ಷರದ ತೊಡಕೂ ಇಲ್ಲ. ‘ಕನ್ನಡ’ ಎಂದು ಬರೆಯಲು ಸಾಲಾಗಿ ಐದು ಕೋಶ ಸಾಕು: ಕ, ಅರ್ಧಾಕ್ಷರದ ಗುರುತು, ನ, ನ, ಡ.

ಇದರ ಅರ್ಥವೇನೆಂದು ನೋಡಿ. ಸೊಲ್ಲಾಪುರದಲ್ಲಿ ಮರಾಠಿ ಶಾಲೆಗೆ ಹೋದ ಕಣ್ಣುಳ್ಳ ಕನ್ನಡ ಮಗು ಕನ್ನಡ ಓದಬೇಕಾದರೆ ಹೊಸ ಲಿಪಿಯನ್ನೇ ಕಲಿಯಬೇಕು. ಮರಾಠಿ ಬ್ರೈಲ್ ಬಲ್ಲ ದೃಷ್ಟಿಹೀನ ಕನ್ನಡ ಮಗು ಹ್ರಸ್ವ ಎ, ಒ ಮುಂತಾದ ಕೆಲವೇ ಅಕ್ಷರಗಳನ್ನು ಹೊಸದಾಗಿ ಕಲಿತರೆ ಮನೆಮಾತನ್ನು ಓದತೊಡಗಬಹುದು. ಕಾಸರಗೋಡಿನ ವಿದ್ಯಾನಗರದ ಸರ್ಕಾರಿ ಅಂಧರ ಶಾಲೆಯಂಥ ಕಡೆ ಮಲಯಾಳ ಬ್ರೈಲ್ ಕಲಿತ ಮಗುವಿಗೆ ಇದು ಇನ್ನೂ ಸುಲಭ. ತಮಿಳು ಬ್ರೈಲ್ ಕಲಿತವರು ಮಾತ್ರ ಗ, ದ, ಬ ಮತ್ತು ಮಹಾಪ್ರಾಣಗಳನ್ನು ಸೇರಿಸಿಕೊಳ್ಳಬೇಕು.

ಲಿಪಿ ಆಗಲೇ ಬೆರಳ ತುದಿಯಲ್ಲಿದೆ. ಇಲ್ಲದಿರುವುದು ಓದಲು ಪುಸ್ತಕ. ಒಂದು ಕನ್ನಡ ಕಥೆ ಪುಸ್ತಕವೂ ಕೈಗೆ ಸಿಗದೆ ಮಗು ಹತ್ತು ವರ್ಷ ವಸತಿಶಾಲೆಯಲ್ಲಿ ಬೆಳೆದರೆ ಅದಕ್ಕೆ ಕನ್ನಡ ರಜೆಯಲ್ಲಿ ಮನೆಯವರೊಂದಿಗೆ ಆಡುವ ಮಾತಾಗಿ ಮಾತ್ರ ಉಳಿಯುತ್ತದೆ.

ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಕನ್ನಡ ಬ್ರೈಲ್ ಮತ್ತು ಧ್ವನಿ ಪುಸ್ತಕಗಳನ್ನು ಸಿದ್ಧಪಡಿಸುತ್ತವೆ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ನಾನಾ ಭಾರತೀಯ ಭಾಷೆಗಳ ಪುಸ್ತಕಗಳಿವೆ. ದೃಷ್ಟಿದೋಷವಿರುವವರು ಸದಸ್ಯರಾಗಿ ಇಳಿಸಿಕೊಳ್ಳಬಹುದು. ನಮ್ಮ ಊರಿನ ವಿದ್ಯಾರ್ಥಿಗೆ ಸದಸ್ಯತ್ವ ಮಾಡಿಸಿಕೊಟ್ಟು, ಫೋನಿಗೆ ಪುಸ್ತಕ ಇಳಿಸುವುದನ್ನು ಕಲಿಸುವುದೇ ಮೊದಲ ಕೆಲಸವಾಗಬಹುದು. ಬ್ರೈಲ್ ಪುಸ್ತಕಗಳನ್ನು ಅಂಚೆಯಲ್ಲಿ ತರಿಸುವುದಾದರೆ, ಅಂಧರ ಸಾಹಿತ್ಯದ ಪೊಟ್ಟಣಕ್ಕೆ ಭಾರತೀಯ ಅಂಚೆಯಲ್ಲಿ 7 ಕಿಲೋವರೆಗೆ ಸಾಮಾನ್ಯ ಅಂಚೆ ವೆಚ್ಚವಿಲ್ಲ. ಬಿಚ್ಚಿ ನೋಡಲು ಬರುವಂತೆ ಕಟ್ಟಬೇಕು. ಹೊರಗೆ ಏನು ಬರೆಯಬೇಕೆಂದು ಅಂಚೆ ಕಚೇರಿಯಲ್ಲಿ ಕೇಳಿ.

ಪಠ್ಯಪುಸ್ತಕದ ಸಮಸ್ಯೆ

ಈಗ ಅನೇಕ ದೃಷ್ಟಿಹೀನ ಮಕ್ಕಳು ಊರಿನ ಸಾಮಾನ್ಯ ಶಾಲೆಯಲ್ಲೇ ಓದುತ್ತಾರೆ. ಗಡಿಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದುವವರಿಗೆ ಒಂದು ವಿಶೇಷ ಕಷ್ಟವಿದೆ. ಕೇರಳದ ಕನ್ನಡ ಮಾಧ್ಯಮದ ಪುಸ್ತಕಗಳನ್ನು ಕೇರಳವೇ ಸಿದ್ಧಪಡಿಸುತ್ತದೆ. ಮಹಾರಾಷ್ಟ್ರದ ಕನ್ನಡ ಪುಸ್ತಕಗಳು ಬಾಲಭಾರತಿಯಿಂದ ಬರುತ್ತವೆ. ಪಾಠಗಳೇ ಬೇರೆಯಾದ್ದರಿಂದ ಕರ್ನಾಟಕದ ಪಠ್ಯಕ್ರಮದ ಬ್ರೈಲ್ ಪುಸ್ತಕ ತರಿಸಿದರೆ ಮಂಜೇಶ್ವರದ ಅಥವಾ ಜತ್ತದ ಮಗುವಿನ ತರಗತಿಗೆ ಅದು ಹೊಂದುವುದಿಲ್ಲ. ಮಕ್ಕಳ ಸಂಖ್ಯೆ ಒಂದೋ ಎರಡೋ ಆದ್ದರಿಂದ ದೊಡ್ಡ ಮುದ್ರಣಾಲಯಗಳ ಪಟ್ಟಿಯಲ್ಲಿ ಈ ಪುಸ್ತಕ ಮುಂದೆ ಬರುವುದು ಕಷ್ಟ. ಆ ಶಾಲೆಯ ಪುಸ್ತಕವನ್ನು ಟೈಪ್ ಮಾಡಿಯೋ ಓದಿ ಧ್ವನಿಮುದ್ರಿಸಿಯೋ ಕೊಡಲು ಅದೇ ಊರಿನ ಕನ್ನಡಿಗರು ಮುಂದಾಗಬೇಕು.

ಟೈಪ್ ಮಾಡಿಕೊಡುವುದು

* ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಪರದೆ ಓದುವ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಅಂಥ ಕಡತಗಳಿದ್ದರೆ ಪರಿವರ್ತಕ ಬಳಸಿ ಯೂನಿಕೋಡಿಗೆ ಬದಲಾಯಿಸಿ.
* ಪುಟದ ಫೋಟೋದಿಂದ ಅಕ್ಷರ ಗುರುತಿಸುವ ಸೌಲಭ್ಯ ಈಗ ಕನ್ನಡಕ್ಕೂ ಇದೆ. ಅದು ಕೊಟ್ಟ ಪಠ್ಯವನ್ನು ಮೂಲದೊಂದಿಗೆ ಸಾಲು ಸಾಲಾಗಿ ತಾಳೆ ನೋಡಲೇಬೇಕು. ಒತ್ತಕ್ಷರ, ಅರ್ಕಾವತ್ತು, ಅಂಕಿಗಳಲ್ಲಿ ತಪ್ಪು ಹೆಚ್ಚು.
* ಮೂಲದ ಪುಟಸಂಖ್ಯೆ ಹಾಕಿ. ಗುರುಗಳು ‘32ನೇ ಪುಟ ತೆಗೆಯಿರಿ’ ಎಂದಾಗ ಮಗುವೂ ತೆಗೆಯಬೇಕು.
* ಚಿತ್ರ, ನಕ್ಷೆಗಳಲ್ಲಿ ಏನಿದೆ ಎಂದು ಎರಡು ಸಾಲಿನಲ್ಲಿ ಬರೆಯಿರಿ.

ಹೀಗೆ ಒಮ್ಮೆ ಸಿದ್ಧವಾದ ಕಡತ ಮೂರು ಉಪಯೋಗಕ್ಕೆ ಬರುತ್ತದೆ. ತಂತ್ರಾಂಶದಿಂದ ಬ್ರೈಲಿಗೆ ಬದಲಾಯಿಸಿ ಮುದ್ರಿಸಬಹುದು, ಫೋನಿನಲ್ಲಿ ಕೇಳಬಹುದು, ಅಕ್ಷರ ದೊಡ್ಡದು ಮಾಡಿ ಮಂದದೃಷ್ಟಿಯವರಿಗೆ ಅಚ್ಚು ಹಾಕಿಕೊಡಬಹುದು. ದೊಡ್ಡ ಅಕ್ಷರವೆಂದರೆ ಕನಿಷ್ಠ 18 ಪಾಯಿಂಟ್. ಓರೆ ಅಕ್ಷರ, ನೆರಳು, ಹಿನ್ನೆಲೆಯ ಚಿತ್ರ ಬೇಡ. ಬ್ರೈಲ್ ಮುದ್ರಣಕ್ಕೆ ಮುನ್ನ ಬ್ರೈಲ್ ಬಲ್ಲವರಿಂದ ಪರಿಶೀಲನೆ ಮಾಡಿಸಿ, ಅದಕ್ಕೆ ಗೌರವಧನ ಕೊಡಿ.

ಓದಿ ಧ್ವನಿಮುದ್ರಿಸುವುದು

ನಿವೃತ್ತ ಶಿಕ್ಷಕರಿಗೆ, ಮನೆಯಲ್ಲಿರುವ ಹಿರಿಯರಿಗೆ ಹೇಳಿಮಾಡಿಸಿದ ಕೆಲಸ. ಸಾಧಾರಣ ಫೋನು ಸಾಕು.

* ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಫೋನನ್ನು ಬಾಯಿಯಿಂದ ಒಂದು ಗೇಣು ದೂರವಿಡಿ.
* ಮೊದಲು ಪುಸ್ತಕ, ಲೇಖಕರು, ತರಗತಿ, ಪಾಠದ ಹೆಸರು ಹೇಳಿ. ಪುಟ ಬದಲಾದಾಗ ಪುಟಸಂಖ್ಯೆ ಹೇಳಿ.
* ಒಂದು ಪಾಠಕ್ಕೆ ಒಂದು ಕಡತ. ಕಡತದ ಹೆಸರಿನಲ್ಲಿ ಕ್ರಮಸಂಖ್ಯೆ ಇರಲಿ.
* ಕೋಷ್ಟಕವನ್ನು ಅಡ್ಡಸಾಲಿನಂತೆ ಓದಿ. ಅಪರಿಚಿತ ಹೆಸರಿನ ಕಾಗುಣಿತ ಹೇಳಿ.
* ತಪ್ಪಿದರೆ ಆ ವಾಕ್ಯವನ್ನು ಮೊದಲಿಂದ ಓದಿ.
* ನಾಟಕೀಯ ಓದು ಪಠ್ಯಕ್ಕೆ ಬೇಡ. ತಮ್ಮ ಊರಿನ ಉಚ್ಚಾರದ ಬಗ್ಗೆ ಸಂಕೋಚವೂ ಬೇಡ. ಕೇಳುವ ಮಗುವೂ ಅದೇ ಊರಿನದು.

ಹಕ್ಕುಸ್ವಾಮ್ಯದ ಸಂಶಯ ಹಲವರಿಗಿದೆ. 2012ರ ತಿದ್ದುಪಡಿಯ ನಂತರ ಭಾರತದ ಹಕ್ಕುಸ್ವಾಮ್ಯ ಕಾಯ್ದೆ ಅಂಗವಿಕಲರ ಬಳಕೆಗಾಗಿ ಪುಸ್ತಕವನ್ನು ಬ್ರೈಲ್, ಧ್ವನಿ ಮುಂತಾದ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. ಲಾಭಕ್ಕಾಗಿ ಮಾಡಬಾರದು, ಪ್ರತಿ ಅವರ ಕೈಗೆ ಮಾತ್ರ ಹೋಗಬೇಕು. ಆದ್ದರಿಂದ ಧ್ವನಿಮುದ್ರಣವನ್ನು ಯೂಟ್ಯೂಬಿಗೋ ಎಲ್ಲರಿರುವ ವಾಟ್ಸಾಪ್ ಗುಂಪಿಗೋ ಹಾಕಬೇಡಿ. ಸಂಸ್ಥೆಯ ಮೂಲಕವೇ ಹಂಚಿ.

ಪರೀಕ್ಷೆ ಬರೆದುಕೊಡುವುದು

ವಿದ್ಯಾರ್ಥಿ ಹೇಳಿದ ಉತ್ತರವನ್ನು ಬರೆಯುವವರನ್ನು ಸ್ಕ್ರೈಬ್ ಎನ್ನುತ್ತಾರೆ. ಹೊಸೂರಿನಲ್ಲಿ, ಅಕ್ಕಲಕೋಟೆಯಲ್ಲಿ, ಮಡಕಶಿರಾದಲ್ಲಿ ಕನ್ನಡ ಪ್ರಶ್ನೆಪತ್ರಿಕೆಯನ್ನು ತಡವರಿಸದೆ ಓದಿ, ಕನ್ನಡದಲ್ಲಿ ವೇಗವಾಗಿ ಬರೆಯಬಲ್ಲವರು ನಮ್ಮ ಮನೆಯ ಹುಡುಗ ಹುಡುಗಿಯರೇ. ಯಾರೂ ಸಿಗದಿದ್ದರೆ ವರ್ಷದ ಓದು ವ್ಯರ್ಥ.

2018ರ ಕೇಂದ್ರ ಮಾರ್ಗಸೂಚಿಯಂತೆ ಅಭ್ಯರ್ಥಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವಿದೆ. ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯಾಗುತ್ತದೆ. ಅಭ್ಯರ್ಥಿಯೇ ಕರೆತರುವ ಸ್ಕ್ರೈಬ್ ಒಂದು ಹಂತ ಕಡಿಮೆ ಓದಿದವರಾಗಿರಬೇಕು ಎಂದು ಅದು ಹೇಳಿತ್ತು. ಹತ್ತನೆಯವರಿಗೆ ಒಂಬತ್ತನೆಯವರು ಎಂದಂತೆ. ಆದ್ದರಿಂದ ಶಾಲಾ ವಿದ್ಯಾರ್ಥಿಗಳ ಪಟ್ಟಿಯೇ ನಮ್ಮ ಬಳಿ ಇರಬೇಕು. ಮಂಡಳಿ, ವಿಶ್ವವಿದ್ಯಾಲಯ, ನೇಮಕಾತಿ ಪರೀಕ್ಷೆಗಳ ನಿಯಮಗಳಲ್ಲಿ ವ್ಯತ್ಯಾಸವಿರುತ್ತದೆ. ಆಯಾ ಪರೀಕ್ಷೆಯ ಸೂಚನೆ ಓದಿ ಮುಂಚಿತವಾಗಿ ಅನುಮತಿ ಪಡೆಯಿರಿ.

ಸ್ಕ್ರೈಬ್ ಆಗುವ ಮಕ್ಕಳಿಗೆ ಹೇಳಬೇಕಾದ ಮಾತು ಇಷ್ಟು: ಪ್ರಶ್ನೆಯನ್ನು ನಿಧಾನವಾಗಿ, ಕೇಳಿದಷ್ಟು ಸಲ ಓದು. ಹೇಳಿದ್ದನ್ನೇ ಬರೆ, ನಿನಗೆ ಗೊತ್ತಿರುವ ಉತ್ತರ ಸೇರಿಸಬೇಡ, ತಪ್ಪು ಎನಿಸಿದರೂ ತಿದ್ದಬೇಡ. ಪರೀಕ್ಷೆಗೆ ಮೊದಲು ಎರಡು ಸಲ ಕೂತು ಅಭ್ಯಾಸ ಮಾಡು. ಒಪ್ಪಿಕೊಂಡ ಮೇಲೆ ತಪ್ಪಿಸಬೇಡ. ಪ್ರತಿಯೊಬ್ಬರಿಗೂ ಬದಲಿಗೆ ಇನ್ನೊಬ್ಬರನ್ನು ಸಿದ್ಧವಿಡುವುದು ಹಿರಿಯರ ಹೊಣೆ.

ಅರ್ಜಿ, ಕಾರ್ಡು, ಕಚೇರಿ

ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡು, ದೇಶದಾದ್ಯಂತ ನಡೆಯುತ್ತದೆ. ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಸಲ್ಲಿಸಬೇಕು, ನಂತರ ಸೂಚಿಸಿದ ಆಸ್ಪತ್ರೆಯಲ್ಲಿ ತಪಾಸಣೆ. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವಿದ್ದವರಿಗೆ ಸರ್ಕಾರಿ ಹುದ್ದೆ, ಉನ್ನತ ಶಿಕ್ಷಣದ ಮೀಸಲಾತಿ ಅನ್ವಯಿಸುತ್ತದೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯ ಮಿತಿಗೆ ಒಳಪಟ್ಟು ಬಿಳಿ ಕೋಲು, ಬ್ರೈಲ್ ಸಲಕರಣೆ ಸಿಗುತ್ತದೆ. ರೈಲಿನಲ್ಲಿ ಪೂರ್ಣ ದೃಷ್ಟಿಹೀನರಿಗೂ ಅವರ ಜೊತೆಗಾರರಿಗೂ ಸ್ಲೀಪರ್, ಮೂರನೇ ದರ್ಜೆ ಎಸಿ ಸೇರಿ ಹಲವು ದರ್ಜೆಗಳಲ್ಲಿ ಶೇಕಡಾ 75 ರಿಯಾಯಿತಿ ಇದೆ.

ಪಿಂಚಣಿ, ಬಸ್ ಪಾಸು, ವಿದ್ಯಾರ್ಥಿವೇತನ ಮಾತ್ರ ವಾಸವಿರುವ ರಾಜ್ಯದವು. ಗಡಿಯಾಚೆಯ ನೆಂಟರು ‘ನಮ್ಮಲ್ಲಿ ಇಷ್ಟು ಕೊಡುತ್ತಾರೆ’ ಎಂದದ್ದನ್ನು ನಂಬಿ ತಿರುಗಾಡಿ ದಣಿಯುವವರಿದ್ದಾರೆ. ಆಯಾ ರಾಜ್ಯದ ಭಾಷೆ ಚೆನ್ನಾಗಿ ಬಲ್ಲ ನಮ್ಮ ಸದಸ್ಯರೊಬ್ಬರು ತಿಂಗಳಿಗೊಂದು ಭಾನುವಾರ ಸಂಘದ ಕಚೇರಿಯಲ್ಲಿ ಕುಳಿತು ಅರ್ಜಿ ತುಂಬಿಕೊಟ್ಟರೆ, ಆಸ್ಪತ್ರೆಯ ದಿನ ಜೊತೆಗೆ ಹೋದರೆ ದೊಡ್ಡ ಉಪಕಾರ. ಆಧಾರ್, ಬ್ಯಾಂಕ್ ಪುಸ್ತಕ ಮುಂತಾದವನ್ನು ಕೆಲಸ ಮುಗಿದ ಕೂಡಲೇ ಮರಳಿಸಿ. ಓಟಿಪಿ ಓದಿ ಹೇಳುವ ಮೊದಲು ಅದು ಯಾತಕ್ಕೆ ಬಂತೆಂದು ಅವರಿಗೆ ತಿಳಿಸಿ.

ಜೊತೆಯಲ್ಲಿ ನಡೆಯುವಾಗ

‘ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ. ನಿಮ್ಮ ಹೆಸರು ಹೇಳಿ ಮಾತು ಶುರುಮಾಡಿ, ಹೋಗುವಾಗ ಹೇಳಿ ಹೋಗಿ. ರಟ್ಟೆ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಕೊಡಿ, ಅವರು ಅದರ ಮೇಲ್ಭಾಗ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಮೆಟ್ಟಿಲ ಬಳಿ ನಿಂತು ‘ಹತ್ತುವುದು’, ‘ಇಳಿಯುವುದು’ ಎಂದು ಹೇಳಿ. ಕುರ್ಚಿಯ ಬೆನ್ನಿನ ಮೇಲೆ ಅವರ ಕೈ ಇರಿಸಿದರೆ ಸಾಕು, ಕೂರುವುದು ಅವರಿಗೆ ಗೊತ್ತು. ಎಲೆಯ ಊಟದಲ್ಲಿ ‘ಎಡತುದಿಗೆ ಉಪ್ಪಿನಕಾಯಿ, ಬಲಕ್ಕೆ ಪಲ್ಯ, ಸಾರು ಬಿಸಿಯಿದೆ’ ಎಂದು ಒಮ್ಮೆ ಹೇಳಿ. ‘ಇವರಿಗೆ ಕಾಫಿ ಬೇಕಂತೇನು?’ ಎಂದು ಜೊತೆಗಾರರನ್ನು ಕೇಳುವ ಬದಲು ಅವರನ್ನೇ ಕೇಳಿ.

ವಸತಿಶಾಲೆಯ ಮಕ್ಕಳನ್ನು ಒಬ್ಬರೇ ಹೊರಗೆ ಕರೆದೊಯ್ಯಬೇಡಿ, ಸಿಬ್ಬಂದಿ ಜೊತೆಗಿರಲಿ. ದೇಣಿಗೆ ಕೊಡುವ ಫೋಟೋ ಬೇಕೇ ಬೇಕೆನಿಸಿದರೆ ಮೊದಲು ಅನುಮತಿ ಕೇಳಿ. ತಮ್ಮ ಫೋಟೋ ಎಲ್ಲಿಗೆ ಹೋಯಿತೆಂದು ನೋಡಲಾಗದವರ ಫೋಟೋ ಅದು.

ಕರೆಯಿರಿ, ಕೂಲಿಯನ್ನೂ ಕೊಡಿ

ಗದಗಿನ ವೀರೇಶ್ವರ ಪುಣ್ಯಾಶ್ರಮ ನಮಗೆಲ್ಲ ಪರಿಚಿತ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಅಲ್ಲಿ ಅಸಂಖ್ಯ ದೃಷ್ಟಿಹೀನರಿಗೆ ಅನ್ನ ಮತ್ತು ಸಂಗೀತ ಎರಡನ್ನೂ ಕೊಟ್ಟರು. ಆಶ್ರಮ ನಡೆಸಲು ಭಕ್ತರ ಕಾಣಿಕೆಯ ಜೊತೆಗೆ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ ದುಡಿದರು. ದುಡಿಮೆಯ ಆ ಘನತೆಯನ್ನು ನಾವೂ ಕಾಪಾಡಬೇಕು.

ರಾಜ್ಯೋತ್ಸವ, ದಾಸರ ಆರಾಧನೆ, ಬಸವ ಜಯಂತಿಗೆ ದೃಷ್ಟಿಹೀನ ಗಾಯಕರನ್ನು ಕರೆಯುವಾಗ ಬೇರೆ ಕಲಾವಿದರಿಗೆ ಕೊಡುವಷ್ಟೇ ಗೌರವಧನ ಕೊಡಿ. ಶಾಲು ಹೊದಿಸಿ ಹಾರ ಹಾಕಿ ಬರಿಗೈಲಿ ಕಳಿಸುವುದು ಬೇಡ. ಸಂಸ್ಥೆಯಲ್ಲಿ ತಯಾರಾಗುವ ಮೇಣದಬತ್ತಿ, ಅಗರಬತ್ತಿ, ಕಾಗದದ ಚೀಲಗಳನ್ನು ಕನಿಕರಕ್ಕೆ ಒಂದು ಕೊಳ್ಳುವ ಬದಲು ಮದುವೆ, ಗೃಹಪ್ರವೇಶಕ್ಕೆ ಮುಂಗಡ ಆರ್ಡರ್ ಕೊಡಿ. ಅಂಗಡಿ, ಕಚೇರಿ ನಡೆಸುವ ಸದಸ್ಯರು ದೂರವಾಣಿಯ ಕೆಲಸಕ್ಕೆ, ಕಂಪ್ಯೂಟರ್ ಕೆಲಸಕ್ಕೆ ದೃಷ್ಟಿಹೀನರನ್ನು ಸಂದರ್ಶನಕ್ಕೆ ಕರೆದು ನೋಡಿ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನದನ್ನು ಕನ್ನಡದಲ್ಲೂ ಓದಿ ಹೇಳುತ್ತದೆ.

ನಮ್ಮ ಪ್ರಕಟಣೆಯನ್ನು ನಾವೇ ಸರಿಪಡಿಸೋಣ

ಈ ಪುಟದಲ್ಲೂ ನಮ್ಮ ಗುಂಪುಗಳಲ್ಲೂ ಕಾರ್ಯಕ್ರಮದ ಆಮಂತ್ರಣವನ್ನು ಚಿತ್ರವಾಗಿ ಹಾಕಿ ಸುಮ್ಮನಾಗುತ್ತೇವೆ. ಫೋನಿನ ಧ್ವನಿ ಅದನ್ನು ‘ಚಿತ್ರ’ ಎಂದಷ್ಟೇ ಓದುತ್ತದೆ. ಯಾವ ದಿನ, ಎಲ್ಲಿ, ಎಷ್ಟು ಗಂಟೆಗೆ, ಬಸ್ ನಿಲ್ದಾಣದಿಂದ ಹೇಗೆ ಬರಬೇಕು ಎಂಬ ನಾಲ್ಕು ಸಾಲನ್ನು ಚಿತ್ರದ ಕೆಳಗೆ ಟೈಪ್ ಮಾಡಿದರೆ ದೃಷ್ಟಿಹೀನ ಸದಸ್ಯರೂ ಬರುತ್ತಾರೆ. ಇದಕ್ಕೆ ಎರಡು ನಿಮಿಷ ಬೇಕು, ಖರ್ಚಿಲ್ಲ. ವೇದಿಕೆಯ ಮೇಲೆ ನಾಟಕ, ಯಕ್ಷಗಾನ ನಡೆಯುವಾಗ ಪಕ್ಕದಲ್ಲಿ ಕುಳಿತು ಪಿಸುಮಾತಿನಲ್ಲಿ ವಿವರಿಸುವವರೊಬ್ಬರನ್ನು ನೇಮಿಸಿ.

ಕಣ್ಣು ಉಳಿಸುವುದು, ಕಣ್ಣು ಕೊಡುವುದು

2015–19ರ ರಾಷ್ಟ್ರೀಯ ಸಮೀಕ್ಷೆಯಂತೆ 50 ದಾಟಿದವರ ಅಂಧತ್ವದಲ್ಲಿ ಸುಮಾರು ಮೂರನೇ ಎರಡು ಪಾಲಿಗೆ ಕಾರಣ ಕಣ್ಣಿನ ಪೊರೆ. ಅದು ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುವಂಥದ್ದು. ಶಿಬಿರ ಏರ್ಪಡಿಸುವವರಿದ್ದಾರೆ, ಅಜ್ಜ ಅಜ್ಜಿಯರನ್ನು ಕರೆದೊಯ್ದು, ಹನಿಮದ್ದು ಹಾಕುವ ಕ್ರಮವನ್ನು ಕನ್ನಡದಲ್ಲಿ ತಿಳಿಸಿ, ಮರುತಪಾಸಣೆಗೂ ಕರೆದೊಯ್ಯುವವರು ಕಡಿಮೆ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಅಕ್ಷಿಪಟಲದ ತಪಾಸಣೆ ಮಾಡಿಸಬೇಕು.

ಡಾ. ರಾಜ್‌ಕುಮಾರ್ ನಮ್ಮ ತಾಳವಾಡಿ ಸೀಮೆಯ ದೊಡ್ಡಗಾಜನೂರಿನವರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳು ನಾಲ್ವರಿಗೆ ದೃಷ್ಟಿ ಕೊಟ್ಟವು. ನೇತ್ರದಾನದಿಂದ ನೀಗುವುದು ಕಾರ್ನಿಯಾದ ತೊಂದರೆಯ ಅಂಧತ್ವ ಮಾತ್ರ. ಅಕ್ಷಿಪಟಲ, ನರ ಹಾಳಾದವರಿಗೆ ಪ್ರಯೋಜನವಾಗದು. ಆದ್ದರಿಂದ ಶಾಲೆಯ ಮಕ್ಕಳಿಗೆ ‘ನಿಮಗೆಲ್ಲ ಕಣ್ಣು ಬರುತ್ತದೆ’ ಎಂದು ಭರವಸೆ ಕೊಡಬೇಡಿ.

ಸಾವಿನ ನಂತರ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಕರೆ ಮಾಡಿ ಕಾಯುವಾಗ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಡಿ, ಫ್ಯಾನ್ ನಿಲ್ಲಿಸಿ. ಕನ್ನಡಕ, ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಡ್ಡಿಯಲ್ಲ. ಮನೆಯವರ ಒಪ್ಪಿಗೆ ಬೇಕಾದ್ದರಿಂದ ಪ್ರತಿಜ್ಞಾ ಪತ್ರಕ್ಕಿಂತ ಮನೆಯಲ್ಲಿ ಮೊದಲೇ ಮಾತಾಡಿರುವುದು ಮುಖ್ಯ. ಹತ್ತಿರದ ನೇತ್ರನಿಧಿ ಯಾವುದು, ಅವರು ನಮ್ಮ ಊರಿಗೆ ಎಷ್ಟು ಹೊತ್ತಿನಲ್ಲಿ ಬರಬಲ್ಲರು ಎಂದು ಪ್ರತಿ ಶಾಖೆಯೂ ಈಗಲೇ ವಿಚಾರಿಸಿಡಲಿ. ಅದು ಗಡಿಯಾಚೆಯ ರಾಜ್ಯದ್ದೂ ಆಗಿರಬಹುದು.

ಶಾಖೆಗಳಿಗೆ ವರ್ಷದ ಪಟ್ಟಿ

* ಜನವರಿ: 4 ಲೂಯಿ ಬ್ರೈಲ್ ಜನ್ಮದಿನ. ಹಳೆಯ ಕ್ಯಾಲೆಂಡರ್ ಸಂಗ್ರಹ. ಸ್ಕ್ರೈಬ್ ಪಟ್ಟಿ ಸಿದ್ಧತೆ.
* ಫೆಬ್ರವರಿ–ಮಾರ್ಚ್: ಪರೀಕ್ಷೆಗೆ ನೆರವು.
* ಏಪ್ರಿಲ್–ಮೇ: ಮುಂದಿನ ತರಗತಿಯ ಪುಸ್ತಕಗಳ ಟೈಪಿಂಗ್, ಧ್ವನಿಮುದ್ರಣ.
* ಜೂನ್–ಜುಲೈ: ಬ್ರೈಲ್ ಕಾಗದ, ಸ್ಲೇಟು, ಶಾಲೆಯ ಖರ್ಚು.
* ಆಗಸ್ಟ್ 25–ಸೆಪ್ಟೆಂಬರ್ 8: ನೇತ್ರದಾನ ಪಕ್ಷ. ಮನೆಮನೆಯಲ್ಲಿ ಮಾತುಕತೆ.
* ಅಕ್ಟೋಬರ್: 15 ಬಿಳಿ ಕೋಲಿನ ದಿನ. ಹೊಸ ಕೋಲುಗಳ ವಿತರಣೆ, ಪಾದಚಾರಿ ಹಾದಿಯ ಅಡೆತಡೆಗಳ ಬಗ್ಗೆ ನಗರಸಭೆಗೆ ಮನವಿ.
* ನವೆಂಬರ್: ರಾಜ್ಯೋತ್ಸವದಲ್ಲಿ ದೃಷ್ಟಿಹೀನ ಕಲಾವಿದರಿಗೆ ಗೌರವಧನದೊಂದಿಗೆ ಆಹ್ವಾನ.
* ಡಿಸೆಂಬರ್: 3 ಅಂಗವಿಕಲರ ದಿನ. ವರ್ಷದ ಕೆಲಸದ ಲೆಕ್ಕ ಸದಸ್ಯರ ಮುಂದೆ.

ಪ್ರತಿ ಶಾಖೆಯೂ ಈ ತಿಂಗಳು ಒಂದೇ ಒಂದು ವಿಷಯ ವಿಚಾರಿಸಲಿ: ನಮ್ಮ ಊರಿನಲ್ಲಿ ಕನ್ನಡ ಮನೆಮಾತಿನ ದೃಷ್ಟಿಹೀನ ಮಕ್ಕಳು ಎಷ್ಟು, ಅವರು ಯಾವ ಶಾಲೆಯಲ್ಲಿ, ಯಾವ ತರಗತಿಯಲ್ಲಿದ್ದಾರೆ? ಒಬ್ಬರೇ ಇದ್ದರೂ ಸರಿ, ಆ ಒಬ್ಬರ ಪುಸ್ತಕದಿಂದ ಕೆಲಸ ಶುರುವಾಗಲಿ. ಸಿದ್ಧವಾದ ಪಾಠ ಅದೇ ರಾಜ್ಯದ ಇನ್ನೊಂದು ಊರಿನ ಮಗುವಿಗೂ ಬೇಕಾಗಬಹುದು. ಆದ್ದರಿಂದ ಯಾವ ತರಗತಿಯ ಯಾವ ಪುಸ್ತಕ ಸಿದ್ಧವಿದೆ ಎಂಬುದನ್ನು ಶಾಖೆಯ ಕಾರ್ಯದರ್ಶಿಗಳು ಸಂಘಕ್ಕೆ ತಿಳಿಸಬೇಕಾಗಿ ವಿನಂತಿ.